ಅಟ್ಟದ ಮೇಲಿಟ್ಟ ದೀಪಗಳು

ದೀಪದ ವಿಷಯದಲ್ಲಿ ನಾನು ಸರ್ಕಾರ ಹೇಳಿದ್ದನ್ನು ಎಂದೂ ಮೀರಿದವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಣಿವಿನಿಂದ ಹೇಳುತ್ತಿದ್ದೇನೆ. ಮಾತು ಕೇಳುವವನ ಬದುಕು ಹಗುರವಾಗಿರುತ್ತದೆ ಎಂದು ಚಿಕ್ಕಂದಿನಲ್ಲಿ ಯಾರೋ ನಂಬಿಸಿದ್ದರು. ಹಾಗೇನೂ ಆಗಲಿಲ್ಲ. ಮಾತು ಕೇಳದವರ ಮನೆಯಲ್ಲಿ ಒಂದು ದೀಪ ಕೆಟ್ಟರೆ ಹೊಸದು ಬರುತ್ತದೆ, ಹಳೆಯದು ಹೋಗುತ್ತದೆ. ನನ್ನ ಮನೆಯಲ್ಲಿ ಹೊಸದು ಬರುತ್ತದೆ, ಹಳೆಯದು ಹೋಗುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸದಿಂದ ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಏನಾಯಿತು ಎಂಬುದನ್ನು, ಆದ ಕ್ರಮದಲ್ಲಿಯೇ, ಏನನ್ನೂ ಸೇರಿಸದೆ ಹೇಳಲು ಪ್ರಯತ್ನಿಸುತ್ತೇನೆ.  

ನಾನು ವಿಮಾ ಕಂಪನಿಯ ನೌಕರ. ದಾವಣಗೆರೆಯ ಕಡೆಯವನು, ವರ್ಗಾವಣೆಯ ಗಾಳಿಗೆ ಮೊದಲು ವಡೋದರಾಕ್ಕೆ, ಅಲ್ಲಿಂದ ಅಹಮದಾಬಾದಿಗೆ ಬಂದು, ಈಗ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯಲ್ಲಿದ್ದೇನೆ. ಹೆಂಡತಿ ಗಿರಿಜಾ ಧಾರವಾಡದವಳು. ನಾವು ವಡೋದರಾದಲ್ಲಿದ್ದಾಗ ಮನೆಯ ತುಂಬ ಹಳದಿ ಬೆಳಕಿನ ಗುಂಡು ಬಲ್ಬುಗಳಿದ್ದವು. ಒಂದು ದಿನ ಕಾಲೋನಿಯ ಮುಂದೆ ಮೇಜು ಹಾಕಿಕೊಂಡು ಕೂತವರು, ನಿಮ್ಮ ಹಳದಿ ಬಲ್ಬು ಕಳ್ಳ, ಅದು ತಿನ್ನುವ ಕರೆಂಟೆಲ್ಲ ಬಿಸಿಯಾಗಿ ಪೋಲಾಗುತ್ತದೆ, ಅದನ್ನು ತಂದುಕೊಟ್ಟು ಸಿಎಫ್‌ಎಲ್ ತೆಗೆದುಕೊಳ್ಳಿ, ಇದು ಸರ್ಕಾರದ ಯೋಜನೆ ಎಂದರು. ನಾನು ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಸಾಲಿನಲ್ಲಿ ಮೊದಲಿಗನಾಗಿ ನಿಂತೆ. ಹೊಸ ದೀಪದ ಆಕಾರ ನೋಡಿ ಗಿರಿಜಾ ಅದಕ್ಕೆ ಜಿಲೇಬಿ ದೀಪ ಎಂದು ಹೆಸರಿಟ್ಟಳು. ಸ್ವಿಚ್ ಹಾಕಿದರೆ ಅದು ಕೂಡಲೇ ಬೆಳಗುತ್ತಿರಲಿಲ್ಲ. ನಿದ್ದೆಯಿಂದ ಎಬ್ಬಿಸಿದ ಗುಮಾಸ್ತೆಯ ಹಾಗೆ ಮೊದಲು ಮಂಕಾಗಿ ನೋಡಿ, ಆಮೇಲೆ ನಿಧಾನವಾಗಿ ಕೆಲಸಕ್ಕೆ ಬರುತ್ತಿತ್ತು. ಆ ಮಬ್ಬಿನಲ್ಲಿ ಗಿರಿಜಾ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದುಂಟು. ದೇಶಕ್ಕಾಗಿ ಉಂಡೆವು. ಕೆಲವು ವರ್ಷಗಳ ಮೇಲೆ, ಜಿಲೇಬಿ ದೀಪವೂ ಒಳ್ಳೆಯದಲ್ಲ, ಅದರ ಹೊಟ್ಟೆಯಲ್ಲಿ ಪಾದರಸವಿದೆ, ಎಲ್‌ಇಡಿ ಹಾಕಿ ಎಂದರು. ಅದನ್ನೂ ಹಾಕಿದೆ. ಎಲ್‌ಇಡಿಯ ಬಿಳಿ ಬೆಳಕಿನಲ್ಲಿ ನಾವಿಬ್ಬರೂ ಆಸ್ಪತ್ರೆಯಿಂದ ಈಗಷ್ಟೇ ಬಿಡುಗಡೆಯಾದವರ ಹಾಗೆ ಕಾಣುತ್ತೇವೆ. ಅಭ್ಯಾಸವಾಗಿದೆ.

ಆಫೀಸಿನಲ್ಲಿ ನಾನು ಕ್ಲೇಮು ನೋಡುವವನು. ಸುಟ್ಟ ಗೋಡೌನು, ಮಗುಚಿದ ಲಾರಿ, ನೆನೆದ ಬಟ್ಟೆಯ ಬೇಲು ಇವುಗಳ ಮುಂದೆ ನಿಂತು, ಏನಾಯಿತು, ಮೊದಲು ಏನು, ಆಮೇಲೆ ಏನು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಪಾಲಿಸಿಯ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾದದ್ದನ್ನು ಓದುವುದು ಅದರ ಇನ್ನೊಂದು ಅರ್ಧ. ಈ ಚಟ ಮನೆಗೂ ಬಂದಿದೆ. ಯಾವ ಡಬ್ಬಿ ಕೈಗೆ ಬಂದರೂ ತಿರುಗಿಸಿ ಸಣ್ಣಕ್ಷರ ಹುಡುಕುತ್ತೇನೆ. ಬೀಗರ ಮನೆಯಲ್ಲಿ ಸಿಹಿಯ ಪೊಟ್ಟಣ ಕೊಟ್ಟಾಗಲೂ ಮೊದಲು ಅದರ ತಳ ಓದಿ, ಗಿರಿಜಾಳ ಮೊಣಕೈಯಿಂದ ತಿವಿಸಿಕೊಂಡಿದ್ದೇನೆ. ಹೀಗಾಗಿ ಮೊದಲ ಜಿಲೇಬಿ ದೀಪ ಕೆಟ್ಟ ದಿನ ಅದರ ಡಬ್ಬಿಯ ತಳ ಓದಿದೆ. ಇದನ್ನು ಮನೆಯ ಕಸದೊಂದಿಗೆ ಎಸೆಯಬೇಡಿ, ಅಧಿಕೃತ ಸಂಗ್ರಹ ಕೇಂದ್ರಕ್ಕೆ ಕೊಡಿ ಎಂದಿತ್ತು. ಕೇಂದ್ರ ಎಲ್ಲಿದೆ ಎಂಬುದು ಸಣ್ಣಕ್ಷರದಲ್ಲಿಯೂ ಇರಲಿಲ್ಲ. ದೀಪ ಮಾರುವ ಅಂಗಡಿಯವನನ್ನು ಕೇಳಿದರೆ, "ಆವೀ ಜಶೇ, ಸಾಹೇಬ್" ಎಂದ. ಬಂದುಬಿಡುತ್ತದೆ ಎಂದರ್ಥ. ಬರುವವರೆಗೆ ಇರಲಿ ಎಂದು ಆ ದೀಪವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕುಕ್ಕರ್ ಬಂದಿದ್ದ ರಟ್ಟಿನ ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಟ್ಟೆ.

ಆಮೇಲೆ ಕೆಟ್ಟ ಒಂದೊಂದು ದೀಪವೂ ಅದೇ ಡಬ್ಬಕ್ಕೆ ಹೋಯಿತು. ಅಹಮದಾಬಾದಿಗೆ ವರ್ಗವಾದಾಗ ಸಾಮಾನು ಕಟ್ಟುವವರು ಅದರಲ್ಲಿ ಏನಿದೆ ಎಂದು ಕೇಳಿದರು. "ಗಾಜು, ಹುಷಾರು" ಎಂದೆ. ಅವರು ಅದನ್ನು ಗಿರಿಜಾಳ ಪಿಂಗಾಣಿ ಬಟ್ಟಲುಗಳಿಗಿಂತ ಹೆಚ್ಚು ಮರ್ಯಾದೆಯಿಂದ ಕಟ್ಟಿದರು. ಬಟ್ಟಲುಗಳು ದಾರಿಯಲ್ಲಿ ಒಡೆದವು. ಕೆಟ್ಟ ದೀಪಗಳು ಸುಖವಾಗಿ ತಲುಪಿದವು. "ಜನಾ ವರ್ಗ ಆದಾಗ ಬಂಗಾರ ಒಯ್ತಾರ, ನೀವು ಸತ್ತ ದೀಪ ಒಯ್ದೀರಿ. ಇವಕ್ಕೂ ಟಿ.ಎ. ಬಿಲ್ ಹಾಕ್ರಿ" ಎಂದಳು ಗಿರಿಜಾ. ಎಲ್‌ಇಡಿ ಬಂದ ಮೇಲಂತೂ ಉಳಿದಿದ್ದ ಜಿಲೇಬಿ ದೀಪಗಳೆಲ್ಲ, ಉರಿಯುತ್ತಿದ್ದವೂ ಸೇರಿ, ಒಟ್ಟಿಗೆ ನಿವೃತ್ತಿಯಾಗಿ ಆ ಡಬ್ಬ ಸೇರಿದವು. ಕೆಳಗಿನ ಕಸದ ಗಾಡಿಗೆ ಯಾರಾದರೂ ಏನಾದರೂ ಎಸೆಯುವುದು ಕಿಟಕಿಯಿಂದ ಕಂಡಾಗ, ನಾನು ಮನಸ್ಸಿನಲ್ಲಿಯೇ ನಮ್ಮ ಅಟ್ಟದ ಕಡೆ ನೋಡಿ ಸಮಾಧಾನಪಡುತ್ತಿದ್ದೆ. ನನ್ನ ಪಾದರಸ ಯಾರ ನೀರಿಗೂ ಸೇರಲಿಲ್ಲ ಎಂಬುದು ನನ್ನ ಸಮಾಧಾನ.

ಅಟ್ಟವಿದ್ದದ್ದು ನಮ್ಮ ಮಗಳು ಮೇಘನಾಳ ಕೋಣೆಯಲ್ಲಿ. ಅವಳು ಬೆಳೆದದ್ದೆಲ್ಲ ಗುಜರಾತಿನಲ್ಲಿ. ಮದುವೆಯಾದದ್ದು ಸೂರತ್‌ನ ಹಾರ್ದಿಕ್ ಎಂಬ ಹುಡುಗನನ್ನು. ಅವನು ಬಟ್ಟೆ ಮಿಲ್ಲೊಂದರಲ್ಲಿ ಎಂಜಿನಿಯರು, ಮನೆ ಅಲ್ಲಿಯ ಅಡಾಜಣ್ ಬಡಾವಣೆಯಲ್ಲಿ. ಈಗ ಮೇಘನಾಗೆ ಏಳು ತಿಂಗಳು. ಅಲ್ಲಿಯೂ ನಮ್ಮ ಹಾಗೆಯೇ ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುತ್ತಾರೆ. ಆದರೆ ಬೀಗಿತ್ತಿ ಕೋಕಿಲಾಬೆನ್‌ಗೆ ಕಳುಹಿಸಲು ಅಷ್ಟು ಮನಸ್ಸಿರಲಿಲ್ಲ. ಅಹಮದಾಬಾದಿನ ಬಿಸಿಲು ಎಂಥದು, ಸೂರತ್‌ನಲ್ಲಿ ತಾಪಿ ನದಿಯ ಗಾಳಿಯಾದರೂ ಬರುತ್ತದೆ, ಇಲ್ಲಿಯೇ ಹೊಸ ಏಸಿ ಹಾಕಿಸಿದ್ದೇವೆ ಎಂದು ಪ್ರತಿ ಫೋನಿನಲ್ಲಿಯೂ ಒಂದು ಎಳೆ ಬಿಡುತ್ತಿದ್ದರು. ಗಿರಿಜಾ ಆ ಎಳೆಯನ್ನು ಹಿಡಿಯದ ಹಾಗೆ ಜಾಣತನದಿಂದ ಮಾತು ಮುಗಿಸುತ್ತಿದ್ದಳು. ಅವಳಿಗೆ ಮಗಳ ಬಾಣಂತನವನ್ನು ತಾನೇ ಮಾಡಬೇಕು. ಅಂಟಿನುಂಡೆಗೆ ಒಣಕೊಬ್ಬರಿ ಆಗಲೇ ಬಂದಿತ್ತು. ಅವಳ ತಾಯಿ ತೀರಿಕೊಳ್ಳುವ ಮುಂಚೆ, ಮೊಮ್ಮಗಳ ಕೂಸಿಗೆ ಎಂದು ತನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದಿಟ್ಟಿದ್ದ ಒಂದು ಕೌದಿಯಿತ್ತು. ಧಾರವಾಡದ ಕಡೆ ಕೂಸನ್ನು ಮೊದಲು ಮಲಗಿಸುವುದು ಅಂಥ ಮೆತ್ತನೆಯ ಕೌದಿಯ ಮೇಲೆ. ಟ್ರಂಕಿನಿಂದ ಅದನ್ನು ತೆಗೆದು, ಗಾಳಿಯಾಡಲಿ ಎಂದು ಗಿರಿಜಾ ಮೇಘನಾಳ ಮಂಚದ ಮೇಲೆ ಹರವಿದ್ದಳು.

ಮಡಿಲು ತುಂಬುವ ಶಾಸ್ತ್ರಕ್ಕೆ ನಾವು ಸೂರತ್‌ಗೆ ಹೋಗಿ ಬಂದಿದ್ದೆವು. ಒಳ್ಳೆಯ ದಿನ ನೋಡಿ, ಬರುವ ಭಾನುವಾರ ಹಾರ್ದಿಕ್ ಅವಳನ್ನು ಕಾರಿನಲ್ಲಿ ಕರೆತರುವುದೆಂದು ನಿಶ್ಚಯವಾಗಿತ್ತು. ಕೋಣೆ ಸ್ವಚ್ಛ ಮಾಡುವಾಗ ನನಗೆ ಒಂದು ಯೋಚನೆ ಬಂತು. ಕೂಸು ಮಲಗುವ ಕೋಣೆಯಲ್ಲಿ ಪಾದರಸದ ಡಬ್ಬ ಯಾಕಿರಬೇಕು? ಯೋಚನೆ ಸರಿಯಾಗಿಯೇ ಇತ್ತು. ನನ್ನ ಎಲ್ಲ ಅನಾಹುತಗಳೂ ಸರಿಯಾದ ಯೋಚನೆಯಿಂದಲೇ ಹುಟ್ಟಿವೆ. ಸ್ಟೂಲ್ ಹತ್ತಿ, ಎರಡೂ ಕೈಯಿಂದ ಡಬ್ಬವನ್ನು ಹಿಡಿದು ಮುಂದಕ್ಕೆಳೆದೆ. ಅದರ ತಳವನ್ನು ಬೆಳ್ಳಿಹುಳ ತಿಂದುಹಾಕಿತ್ತು. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ: ಎಲ್ಲ ಒಟ್ಟಿಗೆ ಬೀಳಲಿಲ್ಲ. ಮೊದಲು ಒಂದೇ ಒಂದು ಪೊಟ್ಟಣ ಜಾರಿ ಮಂಚದ ಮೇಲೆ ಮೆತ್ತಗೆ ಬಿತ್ತು, ಒಡೆಯಲಿಲ್ಲ. ಸದ್ಯ ಬದುಕಿದೆ ಎಂದುಕೊಳ್ಳುವಷ್ಟು ಸಮಯ ಸಿಕ್ಕಿತು. ಆಮೇಲೆ ಉಳಿದವೆಲ್ಲ ಬಂದವು. ಮೊದಲು ಮಂಚದ ಅಂಚಿಗೆ, ಅಲ್ಲಿಂದ ನೆಲಕ್ಕೆ. ದೊಡ್ಡ ಸದ್ದಲ್ಲ, ಹಪ್ಪಳ ಮುರಿದ ಹಾಗೆ, ಒಂದಾದ ಮೇಲೊಂದು. ಕೌದಿಯ ಮೇಲೆ ಬಿಳಿಯ ಪುಡಿ ಉದುರಿತ್ತು. ನನ್ನ ಕೈಯಲ್ಲಿ ತಳವಿಲ್ಲದ ಡಬ್ಬ ಉಳಿದಿತ್ತು. ಅದರೊಳಗಿಂದ ನೋಡಿದರೆ ನೆಲ ಕಾಣುತ್ತಿತ್ತು.

ಸದ್ದು ಕೇಳಿ ಗಿರಿಜಾ ಕಸಬರಿಗೆ ಹಿಡಿದೇ ಬಂದಳು. "ಒಳಗೆ ಬರಬೇಡ! ಗುಡಿಸಬೇಡ!" ಎಂದು ಕೂಗಿದೆ. ಒಡೆದ ಸಿಎಫ್‌ಎಲ್ ಬಗ್ಗೆ ನಾನು ಹಿಂದೆಯೇ ಓದಿದ್ದೆ. ಗುಡಿಸಬಾರದು, ಫ್ಯಾನು ಹಾಕಬಾರದು, ಏಸಿ ಹಾಕಬಾರದು, ಕಿಟಕಿ ತೆರೆದಿಟ್ಟು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಹೋಗಬೇಕು, ಆಮೇಲೆ ದಪ್ಪ ಕಾಗದದಿಂದ ಚೂರುಗಳನ್ನು ಬಾಚಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಬೇಕು.

"ಕಸಬರಿಗಿ ಬ್ಯಾಡಂದ್ರ ಏನು, ಊದಿ ಕಳಸಬೇಕೇನ್ರೀ?"

"ಊದಲೇಬಾರದು ಕಣೇ. ಅದು ಗಾಳಿಗೆ ಏಳುತ್ತೆ."

"ಹಂಗಾದ್ರ ಇಷ್ಟು ವರ್ಷ ನನ್ನ ಮಗಳ ತಲೀ ಮ್ಯಾಲೆ ಏನಿಟ್ಟಿದ್ರಿ ನೀವು?"

 ನಾವು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆವು. ಹೊರಗೆ ಅಹಮದಾಬಾದಿನ ಮಧ್ಯಾಹ್ನ ಬೇಯುತ್ತಿತ್ತು. ಇಂಥ ಸೂಚನೆಗಳನ್ನು ಬರೆಯುವವರು ತಂಪಾದ ದೇಶದಲ್ಲಿ ಕುಳಿತು ಬರೆದಿರಬೇಕು. ಕಿಟಕಿ ತೆರೆಯಿರಿ ಎನ್ನುವವರಿಗೆ, ತೆರೆದ ಕಿಟಕಿಯಿಂದ ಒಳಗೆ ಬರುವುದು ಬೆಂಕಿಯ ಹಬೆ ಎಂದು ಯಾರು ಹೇಳಬೇಕು?

ದಪ್ಪ ಕಾಗದಕ್ಕೆ ಮನೆಯೆಲ್ಲ ಹುಡುಕಿದೆ. ಸಿಕ್ಕಿದ್ದು ಮೇಘನಾಳ ಮದುವೆಯ ಉಳಿದ ಆಮಂತ್ರಣ ಪತ್ರಿಕೆಗಳು. ಗುಜರಾತಿನ ಲಗ್ನಪತ್ರಿಕೆ ಬಲು ಗಟ್ಟಿ. ಅದರ ಮೇಲೆ ಊಟದ ತಟ್ಟೆಯನ್ನೇ ಇಟ್ಟು ಬಡಿಸಬಹುದು. ಗಣಪತಿ, ಬಂಗಾರದ ಅಕ್ಷರದಲ್ಲಿ ಮಗಳ ಹೆಸರು, ಅಳಿಯನ ಹೆಸರು, ಕೆಳಗೆ ನಿಮ್ಮ ಆಗಮನಾಭಿಲಾಷಿಗಳು ಎಂದು ನಮ್ಮಿಬ್ಬರ ಹೆಸರು. ಮೊಣಕಾಲೂರಿ ಕುಳಿತು, ಆ ಪತ್ರಿಕೆಗಳಿಂದ ಪಾದರಸದ ಪುಡಿಯನ್ನು ಬಾಚಿದೆ. ಗಣಪತಿಯಿದ್ದ ಭಾಗವನ್ನು ಮಾತ್ರ ಮೊದಲೇ ಹರಿದು ತೆಗೆದಿಟ್ಟಿದ್ದೆ. ಬಾಟಲಿಗಾಗಿ ಕೇಳಿದಾಗ ಗಿರಿಜಾ ಮಾವಿನ ಛುಂದೋ ಎಂಬ ಸಿಹಿ ಉಪ್ಪಿನಕಾಯಿ ತುಂಬಲು ತೊಳೆದಿಟ್ಟಿದ್ದ ದೊಡ್ಡ ಗಾಜಿನ ಬಾಟಲಿಯನ್ನು ಮಾತಿಲ್ಲದೆ ತಂದು ಬಾಗಿಲಲ್ಲಿಟ್ಟಳು. ಅವಳು ಮಾತಾಡಿದರೆ ನನಗೆ ಅಷ್ಟು ಭಯವಾಗುವುದಿಲ್ಲ.

ಕೌದಿಯ ವಿಷಯ ಬಂತು. ಪುಡಿ ಬಿದ್ದ ಬಟ್ಟೆಯನ್ನು ಒಗೆಯಬಾರದು, ಬಿಸಾಡಬೇಕು ಎಂದು ಓದಿದ್ದನ್ನು ನಾನು ಹೇಳಲಿಲ್ಲ. ಆದರೆ ಅವಳು ನನ್ನ ಮುಖ ಓದಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳೂ ಸಣ್ಣಕ್ಷರ ಓದುವುದನ್ನು ಕಲಿತಿದ್ದಾಳೆ. "ಅದನ್ನ ಮುಟ್ಟಬ್ಯಾಡ್ರಿ" ಎಂದಳು. ಪ್ಲಾಸ್ಟಿಕ್ ಚೀಲದಲ್ಲಿ ಕೌದಿಯನ್ನು ಹಾಕಿ, ಬಾಯಿ ಬಿಗಿದು, ಬಾಟಲಿಯ ಪಕ್ಕದಲ್ಲಿಯೇ ಬಾಲ್ಕನಿಯಲ್ಲಿಟ್ಟೆ. ನಮ್ಮ ಪರಿಚಯದ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಸಮಾಧಾನವಾಗಿ, ಗಾಬರಿ ಬೇಡ, ಆ ಕೋಣೆಗೆ ಚೆನ್ನಾಗಿ ಗಾಳಿಯಾಡಲಿ, ಹುಡುಗಿ ಬಂದ ಮೇಲೆ ಸದ್ಯಕ್ಕೆ ಬೇರೆ ಕೋಣೆಯಲ್ಲಿ ಮಲಗಲಿ, ಆ ಚೂರುಗಳನ್ನು ಮನೆಯಿಂದ ಹೊರಗೆ ಹಾಕಿ ಎಂದರು. ಕೊನೆಯ ಮಾತೊಂದೇ ಕಷ್ಟದ್ದು. ಹೊರಗೆ ಎಂದರೆ ಎಲ್ಲಿ?

ಅದಕ್ಕಿಂತ ಮುಂಚೆ ಇನ್ನೊಂದು ಕಷ್ಟವಿತ್ತು. "ಸೂರತ್‌ಗೆ ಏನೂ ಹೇಳಬ್ಯಾಡ್ರಿ" ಎಂದಳು ಗಿರಿಜಾ. "ಬೀಗಿತ್ತಿಗೆ ಗೊತ್ತಾದ್ರ ಮುಗೀತು, ಕಳಸೂದುಲ್ಲ. ನನ್ನ ಕೂಸು ಅಲ್ಲೇ ಹಡೀತಾಳ. ನಾ ಇಲ್ಲಿ ಅಂಟಿನುಂಡಿ ಕಟಗೊಂಡು ಕೂಡಬೇಕು." ಅವಳ ಕಣ್ಣು ತುಂಬಿತ್ತು. ನಾನು ಒಪ್ಪಿದೆ. ಆದರೆ ಇಡೀ ಜೀವನ ಬೇರೆಯವರ ಬಾಯಿಂದ ನಿಜ ತೆಗೆಸಿದವನಿಗೆ ತಾನು ಮುಚ್ಚಿಡುವುದು ಹೇಗೆಂದು ಗೊತ್ತಿರುವುದಿಲ್ಲ. ಸಂಜೆ ಮೇಘನಾ ಫೋನು ಮಾಡಿದಳು. ಅವಳ ಕನ್ನಡ ಮೂರು ಭಾಷೆಗಳ ಕಲಸನ್ನ.

"ಪಪ್ಪಾ, ನಿಮ್ಮ ವಾಯ್ಸ್ ಅಲಗ್ ಇದೆ. ಶು ಥಯು? ಏನಾಯ್ತು, ಸೀದಾ ಹೇಳಿ ನಾ."

"ಏನಿಲ್ಲಮ್ಮ. ಸ್ವಲ್ಪ ಬಿಸಿಲು."

"ಬಿಸಿಲಿಗೆ ವಾಯ್ಸ್ ಹಂಗೆ ಆಗಲ್ಲ. ಮಮ್ಮಿ ಅಳ್ತಾ ಇದ್ದಾಳಾ?"

ಹೇಳಿಬಿಟ್ಟೆ. ಕೋಣೆ, ಡಬ್ಬ, ತಳ, ಮೊದಲು ಬಿದ್ದದ್ದು, ಆಮೇಲೆ ಬಿದ್ದವು, ಕೌದಿ, ಬಾಟಲಿ, ಎಲ್ಲ ಕ್ರಮವಾಗಿ. ಗಿರಿಜಾ ಎದುರಿನಲ್ಲಿ ನಿಂತು ಹಣೆ ಚಚ್ಚಿಕೊಂಡಳು.  ಆಮೇಲೆ ಹಾರ್ದಿಕ್‌ನ ಸ್ವರ ಕೇಳಿತು. ಫೋನು ಸ್ಪೀಕರಿನಲ್ಲಿತ್ತು, ಮನೆಮಂದಿಯೆಲ್ಲ ಊಟಕ್ಕೆ ಕುಳಿತು ಕೇಳುತ್ತಿದ್ದರು. ಹಾರ್ದಿಕ್ ನನ್ನನ್ನು ಸಮಾಧಾನಪಡಿಸಲು ಲೆಕ್ಕ ಹೇಳಿದ. "ಪಪ್ಪಾ, ಕಲ್ಲಿದ್ದಲು ಸುಟ್ಟರೂ ಚಿಮಣಿಯಿಂದ ಪಾದರಸ ಹೊರಗೆ ಬರುತ್ತದೆ. ಸಿಎಫ್‌ಎಲ್ ಕಡಿಮೆ ಕರೆಂಟು ತಿನ್ನುತ್ತದೆ, ಕಲ್ಲಿದ್ದಲು ಕಡಿಮೆ ಸುಡುತ್ತದೆ. ಒಟ್ಟಿನಲ್ಲಿ ನೋಡಿದರೆ ನೀವು ಪಾದರಸ ಕಡಿಮೆಯೇ ಮಾಡಿದ್ದೀರಿ." ಲೆಕ್ಕ ಸರಿಯಿತ್ತು. ಆದರೆ ಒಟ್ಟು ಎಂಬುದು ದೇಶಕ್ಕೆ. ನನ್ನ ಮಗಳ ಕೋಣೆಯ ನೆಲಕ್ಕೆ ಒಟ್ಟು ಇಲ್ಲ. ಹಳದಿ ಬಲ್ಬಿನ ಕಾಲದಲ್ಲಿ ಆ ವಿಷ ಎಲ್ಲೋ ಒಂದು ಚಿಮಣಿಯ ಕೆಳಗೆ, ನಾನು ನೋಡದ ಯಾರದೋ ಮಗಳ ಅಂಗಳಕ್ಕೆ ಉದುರುತ್ತಿತ್ತು. ಈಗ ನನ್ನ ಮಗಳ ಮಂಚಕ್ಕೆ ಉದುರಿತು. ನ್ಯಾಯವೇ ಇರಬಹುದು. ಆದರೆ ಮೊಣಕಾಲೂರಿ ಕುಳಿತು ಬಾಚುವಾಗ ನ್ಯಾಯ ಅಷ್ಟು ಸಮಾಧಾನ ಕೊಡುವುದಿಲ್ಲ.

ಆಗ ಕೋಕಿಲಾಬೆನ್ ಮಾತಾಡಿದರು. ಗಿರಿಜಾ ಗೋಡೆ ಹಿಡಿದುಕೊಂಡಳು. "ವೇವಾಯಿ," ಎಂದರು ಅವರು, ಬೀಗರೇ ಎನ್ನುವ ಹಾಗೆ, "ನೀವು ಹೇಳುವ ಆ ಗೋಲ್ ಗೋಲ್ ಬಲ್ಬು, ಅದು ನಮ್ಮ ಮಾಳಿಯಾದ ಮೇಲೂ ಒಂದು ಡಬ್ಬ ಇರಬೇಕು. ಹಾರ್ದಿಕ್, ಹತ್ತಿ ನೋಡು." ಮಾಳಿಯಾ ಎಂದರೆ ಅಟ್ಟ. ಕುರ್ಚಿ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಹಾರ್ದಿಕ್ ದೂರದಿಂದ, "ಛೇ, ಮಮ್ಮಿ, ಬೌ ಬಧಾ ಛೇ" ಎಂದ. ಇವೆ, ಬಹಳ ಇವೆ. ಡಬ್ಬವಿದ್ದದ್ದು ಮೇಘನಾ ಮಲಗುವ ಮಂಚದ ನೇರ ಮೇಲೆ, ಹೊಸ ಏಸಿಯ ಪಕ್ಕದಲ್ಲಿ.

"ಯಾಕೆ ಇಟ್ಟಿದ್ದಿರಿ?" ಎಂದೆ. ಸಣ್ಣಕ್ಷರ ಓದುವ ಇನ್ನೊಬ್ಬರು ಸಿಕ್ಕರೆಂದು ನನಗೆ ಒಂದು ಕ್ಷಣ ಆಸೆಯಾಗಿತ್ತು.

"ಕ್ಯಾರೇಕ್ ಕಾಮ್ ಲಾಗ್ಶೇ" ಎಂದರು ಕೋಕಿಲಾಬೆನ್. ಯಾವಾಗಲಾದರೂ ಕೆಲಸಕ್ಕೆ ಬರುತ್ತದೆ ಎಂದು ಇಟ್ಟದ್ದು. ಕೆಟ್ಟ ದೀಪ ಯಾವ ಕೆಲಸಕ್ಕೆ ಬರುತ್ತದೆಂದು ಅವರೂ ಯೋಚಿಸಿರಲಿಲ್ಲ. ಆಮೇಲೆ ಅವರೇ ತೀರ್ಪು ಕೊಟ್ಟರು: "ನಿಮ್ಮದು ಕೆಳಗೆ ಬಿದ್ದು ಎತ್ತಿಯಾಯಿತು. ನಮ್ಮದು ಇನ್ನೂ ಮೇಲಿದೆ. ಹುಡುಗಿ ನಿಮ್ಮಲ್ಲಿಗೇ ಬರಲಿ. ಈ ಡಬ್ಬವನ್ನೂ ಗಾಡಿಯಲ್ಲಿಯೇ ಕಳುಹಿಸಲೇ?" ನಾನು ಬೇಡವೆಂದು ಕೂಗಿದ್ದು ಪಕ್ಕದ ಮನೆಗೂ ಕೇಳಿತಂತೆ. ಗಿರಿಜಾ ಗೋಡೆ ಬಿಟ್ಟು, ಕಣ್ಣೊರೆಸಿಕೊಂಡು, ಒಣಕೊಬ್ಬರಿ ತುರಿಯಲು ಹೋದಳು. ನಿಜ ಹೇಳಿದ್ದಕ್ಕೆ ಅವಳು ನನ್ನನ್ನು ಹೊಗಳಲಿಲ್ಲ. ಬೈಯಲೂ ಇಲ್ಲ.

ಈಗ ಭಾನುವಾರದೊಳಗೆ ಬಾಟಲಿ ಮನೆ ಬಿಡಬೇಕಿತ್ತು. ಕಸದ ಗಾಡಿಯವನು, ಕೊಡಿ ಸಾಹೇಬ್, ಹಾಕಿಬಿಡುತ್ತೇನೆ ಎಂದು ಕೈ ನೀಡಿದ. ಒಣ ಕಸದ ರಾಶಿಗೆ ಹಾಕಿಬಿಡುತ್ತಾನೆಂದು ನಾನೇ ಕೊಡಲಿಲ್ಲ. ದೀಪದ ಅಂಗಡಿಯವನು ಬಾಟಲಿಯನ್ನು ನೋಡಿ, ಉಪ್ಪಿನಕಾಯಿ ತಂದಿದ್ದೇನೆಂದು ತಿಳಿದು ಸಂತೋಷಪಟ್ಟ. ಆಮೇಲೆ ಸಂತೋಷ ಹೋಯಿತು. ಕೊನೆಗೆ ಹುಡುಕಿ ಹುಡುಕಿ, ಊರಾಚೆ ಇಂಥ ದೀಪಗಳನ್ನೇ ತೆಗೆದುಕೊಂಡು ಶುದ್ಧಿ ಮಾಡುವ, ಅಧಿಕೃತವಾದ ಒಂದು ಕಂಪನಿಗೆ ಫೋನು ಮಾಡಿದೆ. ಇಷ್ಟು ವರ್ಷ ನಾನು ಕಾಯುತ್ತಿದ್ದ ಕೇಂದ್ರ ಅದು. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ತೆಗೆದುಕೊಳ್ಳುತ್ತೇವೆ ಸರ್, ಆದರೆ ಒಂದು ಬಾಟಲಿಗೆ ವ್ಯಾನು ಬರುವುದಿಲ್ಲ. ಸೊಸೈಟಿಯದ್ದೆಲ್ಲ ಸೇರಿಸಿ, ವ್ಯಾನು ತುಂಬುವಷ್ಟಿದ್ದರೆ ಭಾನುವಾರ ಬೆಳಿಗ್ಗೆಯೇ ಬರುತ್ತೇವೆ ಎಂದರು. ಅಂದರೆ ನನ್ನ ವಿಷ ಹೋಗಬೇಕಾದರೆ ನಾನು ಇನ್ನಷ್ಟು ವಿಷ ಸಂಪಾದಿಸಬೇಕು.

ನಮ್ಮ ಸೊಸೈಟಿಯ ಚೇರ್ಮನ್ ಹಸಮುಖಭಾಯಿ, ಅಂಗಡಿ ಮಕ್ಕಳಿಗೆ ಬಿಟ್ಟ ಬಟ್ಟೆ ವ್ಯಾಪಾರಿ. ಯಾವ ಕಷ್ಟವನ್ನು ಹೇಳಿದರೂ "ಚಾಲ್ಶೇ" ಎನ್ನುವವರು. ನಡೆಯುತ್ತದೆ, ಸಾಕು, ಬಿಡಿ ಎಂಬುದಕ್ಕೆಲ್ಲ ಇಲ್ಲಿ ಅದೊಂದೇ ಮಾತು. ನೀರಿನ ಟ್ಯಾಂಕು ಸೋರಿದಾಗಲೂ ಅವರು ಅದನ್ನೇ ಹೇಳಿದ್ದರು. ಆದರೆ ನನ್ನ ಕಥೆ ಕೇಳಿ ಅವರು ಚಾಲ್ಶೇ ಎನ್ನಲಿಲ್ಲ. ಎದ್ದು, "ಜರಾ ಆವೋ, ರಾವ್‌ಭಾಯಿ" ಎಂದು ಒಳಗೆ ಕರೆದುಕೊಂಡು ಹೋಗಿ, ತಮ್ಮ ಮೊಮ್ಮಕ್ಕಳ ಕೋಣೆಯ ಮಾಳಿಯಾ ತೋರಿಸಿದರು. ಅಲ್ಲಿ ಟ್ಯೂಬ್‌ಲೈಟುಗಳು ಕಬ್ಬಿನ ಜಲ್ಲೆಯ ಹಾಗೆ ಕಟ್ಟುಕಟ್ಟಾಗಿದ್ದವು. "ಪೇಂಟ್ ಮಾಡಿ ನವರಾತ್ರಿಯ ಮಂಟಪಕ್ಕೆ ಹಾಕೋಣ ಅಂತ ಇಟ್ಟಿದ್ದೆ" ಎಂದರು. ಅದೇ ಸಂಜೆ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ಅವರ ಸಂದೇಶ ಬಂತು: ಎಲ್ಲರೂ ಮಾಳಿಯಾದ ಮೇಲಿನ ಹಳೆಯ ದೀಪಗಳನ್ನು ಭಾನುವಾರ ಬೆಳಿಗ್ಗೆ ಒಪ್ಪಿಸಿ, ನಮ್ಮ ರಾವ್‌ಭಾಯಿ ಇದರಲ್ಲಿ ಜಾಣರು, ಸಂಪರ್ಕಿಸಿ. ಎಲ್ಲಿ ಒಪ್ಪಿಸಬೇಕೆಂದು ಬರೆಯಲು ಮರೆತಿದ್ದರು.

ಭಾನುವಾರ ಬಾಗಿಲು ತೆರೆದಾಗ ನಮ್ಮ ಮಹಡಿಯ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಟ್ಯೂಬ್‌ಲೈಟುಗಳು ಗೋಡೆಗೊರಗಿ ನಿಂತಿದ್ದವು. ಜಿಲೇಬಿ ದೀಪಗಳು ಸಿಹಿಯ ಡಬ್ಬಗಳಲ್ಲಿ, ಚಪ್ಪಲಿಯ ಡಬ್ಬಗಳಲ್ಲಿ, ಒಂದು ಮನೆಯವರದಂತೂ ಕೆಂಪು ಬಟ್ಟೆಯಲ್ಲಿ ಮಡಿಲಕ್ಕಿಯ ಹಾಗೆ ಗಂಟಾಗಿ ಬಂದಿದ್ದವು. ಕಿಟಕಿಯಿಂದ ನೋಡಿ ನಾನು ಬೇಜವಾಬ್ದಾರರು ಎಂದುಕೊಂಡಿದ್ದ ಜನ ಇವರೇ. ಒಬ್ಬರೂ ಎಸೆದಿರಲಿಲ್ಲ. ನಾನು ನಿಯಮಕ್ಕೆ ಹೆದರಿ ಇಟ್ಟೆ, ಅವರು ಎಸೆಯಲು ಮನಸ್ಸಾಗದೆ ಇಟ್ಟರು; ಅಟ್ಟದ ಮೇಲೆ ಎರಡೂ ಒಂದೇ. ಇಡೀ ಸೊಸೈಟಿಯಲ್ಲಿ ಬೀಳಿಸಿದವನು ಮಾತ್ರ ನಾನೊಬ್ಬನೇ.

ಮೇಘನಾಳ ಕಾರು ವಡೋದರಾ ದಾಟಿತು ಎಂದು ಫೋನು ಬಂತು. ವ್ಯಾನಿನ ಸುಳಿವಿಲ್ಲ. ಈ ಮೆಟ್ಟಿಲು ಹತ್ತಿ ಅವಳು ಬರುವುದು ಹೇಗೆ ಎಂದು ಗಿರಿಜಾ ಮೇಲೆ ಕೆಳಗೆ ಓಡಾಡಿದಳು. ಹಸಮುಖಭಾಯಿ ಪೈಜಾಮ ಮಡಚಿ, ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿದರು. ಕೈಯಿಂದ ಕೈಗೆ ದೀಪಗಳು ಇಳಿಯತೊಡಗಿದವು. "ಧೀರೇ, ಧೀರೇ! ರಾವ್‌ಭಾಯಿ, ನೀವು ಮುಟ್ಟಬೇಡಿ, ನೀವು ಬರೀ ಹೇಳಿ!" ಎಂದು ಅವರು ಕೂಗುತ್ತಿದ್ದರು. ನನ್ನ ಕೈಯ ಖ್ಯಾತಿ ಆಗಲೇ ಹರಡಿತ್ತು. ವ್ಯಾನೂ ಕಾರೂ ಒಟ್ಟಿಗೇ ಬಂದವು. ವ್ಯಾನು ಗೇಟಿನಲ್ಲಿ ಅಡ್ಡ ನಿಂತಿತು, ಕಾರು ಅದರ ಹಿಂದೆ ಸಿಕ್ಕಿಕೊಂಡಿತು. ಎಲ್ಲ ತುಂಬುವ ತನಕ ಗಾಜು ಇಳಿಸಬಾರದು, ಇಳಿಯಬಾರದು ಎಂದು ನಾನು ದೂರದಿಂದಲೇ ಕೈ ಬೀಸಿದೆ. ನನ್ನ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾರಿನ ತಂಪಿನಲ್ಲಿ ಕುಳಿತು, ಇಡೀ ಸೊಸೈಟಿ ಸತ್ತ ದೀಪಗಳನ್ನು ಮೆರವಣಿಗೆಯಲ್ಲಿ ಹೊತ್ತು ತರುವುದನ್ನು ನೋಡಿದಳು. ತವರಿಗೆ ಬರುವ ಹೆಣ್ಣುಮಗಳಿಗೆ ಇಂಥ ಸ್ವಾಗತ ಬೇರೆ ಯಾರೂ ಮಾಡಿರಲಾರರು.

ಕೊನೆಗೆ ಗಿರಿಜಾ ಇಳಿದು ಬಂದಳು. ಒಂದು ಕೈಯಲ್ಲಿ ಛುಂದೋ ಬಾಟಲಿ, ಇನ್ನೊಂದು ಕೈಯಲ್ಲಿ ಕೌದಿಯ ಚೀಲ. ಬಾಟಲಿ ಕೊಟ್ಟಳು. ಚೀಲ ಕೊಡಲಿಲ್ಲ. ಕೈಗವಸು ಹಾಕಿಕೊಂಡ ವ್ಯಾನಿನವನು ಕಾಯುತ್ತ ನಿಂತ. ಮೇಘನಾ ನನ್ನ ಮಾತು ಕೇಳದೆ ಗಾಜು ಇಳಿಸಿ, "ಮಮ್ಮಿ, ಅದು ಅಜ್ಜಿದು ನಾ? ಕೊಟ್ಟು ಬಿಡು. ಅಜ್ಜಿ ಇದ್ದಿದ್ರೆ ಪಪ್ಪಾಗೆ ಬೈದು, ಫಿರ್ ಸೇ ಹೊಲೀತಿದ್ಳು" ಎಂದಳು. ಗಿರಿಜಾ ಚೀಲ ಕೊಟ್ಟಳು. ಕೊಟ್ಟು, ವ್ಯಾನು ಹೊರಳುವವರೆಗೂ ನೋಡಿ, ಆಮೇಲೆ ಮಗಳನ್ನು ಇಳಿಸಿಕೊಂಡು, ಆರತಿ ಎತ್ತಿ ಒಳಗೆ ಕರೆದುಕೊಂಡಳು.

ಈಗ ಮೇಘನಾ ನಮ್ಮ ಕೋಣೆಯಲ್ಲಿ ಮಲಗುತ್ತಾಳೆ, ಗಿರಿಜಾ ಅವಳ ಪಕ್ಕದಲ್ಲಿ. ನಾನು ಮಗಳ ಕೋಣೆಯಲ್ಲಿ, ಕಿಟಕಿ ತೆರೆದುಕೊಂಡು, ಬಿಸಿಗಾಳಿಯಲ್ಲಿ. ಗಿರಿಜಾ ತನ್ನ ಇಲಕಲ್ ಸೀರೆಗಳಲ್ಲಿ ಮೆತ್ತಗಾದವನ್ನು ಆರಿಸಿ ಕತ್ತರಿಸಿದ್ದಾಳೆ. ಹಾಲ್‌ನಲ್ಲಿ ಕುಳಿತು ಹೊಸ ಕೌದಿ ಹೊಲಿಯುತ್ತಾಳೆ. ಈ ಬಿಳಿ ಬೆಳಕಿನಲ್ಲಿ ಕುಂಕುಮ ಬಣ್ಣ ಯಾವುದು, ಕಂದು ಯಾವುದು ತಿಳಿಯುವುದಿಲ್ಲವೆಂದು ಗೊಣಗುತ್ತಾಳೆ. ನಿನ್ನೆ ಸಂಜೆ ಅವಳು ಹೊಲಿಯುತ್ತಿದ್ದಾಗ ಹಾಲ್‌ನ ಎಲ್‌ಇಡಿ ಕಣ್ಣು ಮಿಟುಕಿಸಿ ಆರಿಹೋಯಿತು. ಬಹಳ ವರ್ಷ ಬಾಳುತ್ತದೆ ಎಂದು ಕೊಟ್ಟಿದ್ದರು. ಹೊಸದನ್ನು ಹಾಕಿ, ಹಳೆಯದನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಪಾದರಸವಿಲ್ಲ, ನಿಜ. ಆದರೆ ಅದರ ಕತ್ತಿನ ಬಳಿ ಕಸದ ಡಬ್ಬದ ಚಿತ್ರ, ಅದರ ಮೇಲೆ ಕಾಟು ಹೊಡೆದ ಗುರುತು. ಸ್ಟೂಲ್ ಎತ್ತಿಕೊಂಡು ಮಗಳ ಕೋಣೆಯ ಕಡೆ ನಡೆದೆ.

"ಏನ್ರೀ, ಎಲ್ಲಿಗೆ ಹೊಂಟೀರಿ?"

"ಎಲ್ಲೂ ಇಲ್ಲ. ಒಂದೇ ಒಂದು ದೀಪ ಕಣೇ."

"ಅವತ್ತೂ ಒಂದೇ ಇತ್ತು" ಎಂದಳು ಗಿರಿಜಾ, ಸೂಜಿಯಿಂದ ತಲೆಯೆತ್ತದೆ.

ಸ್ಟೂಲನ್ನು ಅಲ್ಲಿಯೇ ಇಳಿಸಿದೆ. ದೀಪವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಇದನ್ನು ಬರೆಯುವಾಗಲೂ ಅದು ಜೇಬಿನಲ್ಲಿಯೇ ಇದೆ. ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅಂಗಿ ಬದಲಾಯಿಸಿ, ಅದನ್ನೂ ಹಳೆಯ ಜೇಬಿನಿಂದ ಹೊಸ ಜೇಬಿಗೆ ವರ್ಗ ಮಾಡಿದೆ.